ಬೀಗ ಹಾಕಿದ ಅಂಗಣದಲ್ಲಿ ಗೆದ್ದವರನ್ನು ಅಳೆಯುವುದು ಹೇಗೆ?

1944ರ ಮಾರ್ಚ್ 12, ಭಾನುವಾರ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಡರ್ಹ್ಯಾಮ್ ಊರಿನ ಬಹುಪಾಲು ಜನ, ಪೊಲೀಸರೂ ಸೇರಿ, ಚರ್ಚಿನಲ್ಲಿದ್ದ ಹೊತ್ತು. ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಬಿಳಿಯ ಯುವಕರು ಎರವಲು ತಂದ ಕಾರುಗಳಲ್ಲಿ ಸುತ್ತುಬಳಸಿ, ಊರಿನ ಇನ್ನೊಂದು ಬದಿಯಲ್ಲಿದ್ದ ಕಪ್ಪುವರ್ಣೀಯರ ಕಾಲೇಜಿಗೆ ಬಂದರು. ಇಳಿದವರೇ ಕೋಟನ್ನು ತಲೆಯ ಮೇಲೆ ಎಳೆದುಕೊಂಡು ವ್ಯಾಯಾಮಶಾಲೆಯೊಳಗೆ ನುಗ್ಗಿದರು. ಬೆನ್ನಿಗೇ ಬಾಗಿಲಿಗೆ ಬೀಗ ಬಿತ್ತು. ವಿಷಯ ಹೇಗೋ ತಿಳಿದ ಕೆಲವು ವಿದ್ಯಾರ್ಥಿಗಳು ಕಿಟಕಿ ಹತ್ತಿ ಇಣುಕಿದರು. ಒಳಗೆ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಮುಗಿದಾಗ ಅಂಕ 88–44. ಗೆದ್ದವರು ಆ ಚಿಕ್ಕ ಕಾಲೇಜಿನವರು. ಆಮೇಲೆ ಎರಡೂ ತಂಡದವರು ಬೆರೆತು, ಒಂದು ಗುಂಪು ಅಂಗಿ ತೊಟ್ಟು, ಇನ್ನೊಂದು ಗುಂಪು ಅಂಗಿ ಕಳಚಿ ಮತ್ತೊಂದು ಆಟ ಆಡಿದರು. ಬಿಳಿಯರೂ ಕಪ್ಪುವರ್ಣೀಯರೂ ಒಂದೇ ತಂಡದಲ್ಲಿ ಆಡಿದ್ದು ಹೊರಗೆ ಗೊತ್ತಾಗಿದ್ದರೆ ಅಲ್ಲಿದ್ದವರ ಜೀವಕ್ಕೇ ಅಪಾಯವಿತ್ತು. ನಾಡಿಗೆ ಈ ಕಥೆ ತಿಳಿದದ್ದು 1996ರಲ್ಲಿ.

ಪಂದ್ಯ ಏರ್ಪಡಿಸಿದವರು ಗೆದ್ದ ತಂಡದ ಕೋಚ್ ಜಾನ್ ಮೆಕ್ಲೆಂಡನ್. ಆ 88–44 ಯಾವ ಅಧಿಕೃತ ದಾಖಲೆಗೂ ಸೇರಲಿಲ್ಲ. ಚಿಕ್ಕ ಕಾಲೇಜುಗಳ ಶ್ರೇಷ್ಠ ಕೋಚ್ ಯಾರು ಎಂಬ ಮಾತು ಬಂದಾಗಲೆಲ್ಲ ಗೆಲುವಿನ ಪಟ್ಟಿ ಬಿಚ್ಚುವವರಿದ್ದಾರೆ. ನನಗೆ ಮಾತ್ರ ಮೊದಲು ನೆನಪಾಗುವುದು ಪಟ್ಟಿಗೆ ಸೇರದ ಈ ಗೆಲುವು.

ಪಟ್ಟಿಯನ್ನೇ ನೋಡೋಣ. ಡ್ಯೂಕ್‌ನ ಮೈಕ್ ಶಶೆವ್‌ಸ್ಕಿ 1,202 ಪಂದ್ಯ ಗೆದ್ದು 2022ರಲ್ಲಿ ನಿವೃತ್ತರಾದರು. ಅದೇ ವರ್ಷ ಫಿಲಡೆಲ್ಫಿಯಾದ ಪುಟ್ಟ ಕಾಲೇಜೊಂದರಲ್ಲಿ 1967ರಿಂದಲೂ ಇದ್ದ ಹರ್ಬ್ ಮೆಗೀ 1,144 ಗೆಲುವುಗಳೊಂದಿಗೆ ವಿರಮಿಸಿದರು. ಇಲಿನಾಯ್ ರಾಜ್ಯದ ಮೆಕೆಂಡ್ರಿ ಕಾಲೇಜಿನ ಹ್ಯಾರಿ ಸ್ಟೇತಮ್ 1,122 ಗೆದ್ದಿದ್ದಾರೆ. ಅವರ ವೃತ್ತಿಯ ಬಹುಭಾಗ ಕಳೆದದ್ದು ಎನ್‌ಎಐಎ ಎಂಬ ಬೇರೆ ಕಾಲೇಜು ಕ್ರೀಡಾ ಸಂಘಟನೆಯಲ್ಲಿ. ದೊಡ್ಡ ಸಂಘಟನೆಯಾದ ಎನ್‌ಸಿಎಎಯ ಲೆಕ್ಕದ ಪುಸ್ತಕ ಆ ಗೆಲುವುಗಳನ್ನು ಹಾಗೇ ತನ್ನ ಸಾಲಿಗೆ ಸೇರಿಸಿಕೊಳ್ಳುವುದಿಲ್ಲ. ಮಿಸೌರಿಯ ಎರಡು ವರ್ಷದ ಕಾಲೇಜಿನಲ್ಲಿ ಜೀನ್ ಬೆಸ್ 1,300 ಗೆದ್ದರು. ಅದಕ್ಕಂತೂ ಬೇರೆಯದೇ ಪುಸ್ತಕ. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ.

‘ಚಿಕ್ಕದು’ ಎಂಬ ಪಂಗಡವೇ ತಡವಾಗಿ ಹುಟ್ಟಿದ್ದು. ಎನ್‌ಎಐಎಯ ಮೂಲವಾದ ಟೂರ್ನಿ 1937ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಶುರುವಾಯಿತು. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅದಕ್ಕೆ ಬೆಂಬಲವಾಗಿದ್ದರು. ಎನ್‌ಸಿಎಎ 1957ರಲ್ಲಿ ಚಿಕ್ಕ ಕಾಲೇಜುಗಳಿಗೆ ಪ್ರತ್ಯೇಕ ಟೂರ್ನಿ ತೆರೆಯಿತು. 1973ರಲ್ಲಿ ಮೂರು ಡಿವಿಷನ್ ಮಾಡಿತು. ಮೂರನೆಯದರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ. ಕಾಗದದ ಮೇಲೆ ಇದು ಹಣದ, ಗಾತ್ರದ ವಿಂಗಡಣೆ. ಆದರೆ ಅದಕ್ಕೂ ಮೊದಲು ಗೆರೆ ಎಳೆದದ್ದು ಚರ್ಮದ ಬಣ್ಣ.

ಮೆಕ್ಲೆಂಡನ್ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತ್ ಅವರ ಬಳಿಯೇ ಕಲಿತವರು. ಆದರೆ ಕಪ್ಪುವರ್ಣೀಯ ಎಂಬ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಆಡುವಂತಿರಲಿಲ್ಲ. ಆಟ ಕಂಡುಹಿಡಿದವನಿಂದಲೇ ಆಟ ಕಲಿತವನಿಗೆ ಅಂಗಣ ನಿಷಿದ್ಧ! ಅವರು ಕಪ್ಪುವರ್ಣೀಯರ ಕಾಲೇಜುಗಳಲ್ಲಿ ಕೋಚ್ ಆದರು. ಅಂದಿನ ಆಟ ನಿಧಾನದ್ದು. ಮೆಕ್ಲೆಂಡನ್ ತಮ್ಮ ಹುಡುಗರನ್ನು ಉಸಿರು ಕಟ್ಟುವಷ್ಟು ಓಡಿಸಿ ಪಳಗಿಸಿದರು. ಚೆಂಡು ಕೈಗೆ ಸಿಕ್ಕ ಕ್ಷಣವೇ ಎದುರಿನ ಬುಟ್ಟಿಯತ್ತ ಓಟ, ಎದುರಾಳಿಯನ್ನು ಇಡೀ ಅಂಗಣದುದ್ದಕ್ಕೂ ಬೆನ್ನುಹತ್ತುವುದು. ಡ್ಯೂಕ್‌ನ ಯುವಕರು ಆ ಭಾನುವಾರ ಕಂಡದ್ದು ಇದನ್ನು. ಇಂದು ಟಿವಿಯಲ್ಲಿ ಕಾಣುವ ವೇಗದ ಆಟಕ್ಕೆ ಮೆಕ್ಲೆಂಡನ್ ಅವರ ಕೊಡುಗೆ ಎಷ್ಟೆಂದು ಲೆಕ್ಕ ಹಾಕಿದವರು ಕಡಿಮೆ.

ಎನ್‌ಎಐಎಯ ಆ ಟೂರ್ನಿ ಕೂಡ ಮೊದಲು ಕಪ್ಪು ಆಟಗಾರರಿಗೆ ಮುಚ್ಚಿತ್ತು. 1947ರಲ್ಲಿ ಇಂಡಿಯಾನಾ ಸ್ಟೇಟ್ ಕಾಲೇಜಿನ ಕೋಚ್ ತಮ್ಮ ತಂಡದ ಕ್ಲಾರೆನ್ಸ್ ವಾಕರ್‌ಗೆ ಪ್ರವೇಶವಿಲ್ಲವೆಂದು ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ನಿಷೇಧ ತೆರವಾಯಿತು, ವಾಕರ್ ಆಡಿದರು. ಆ ಕೋಚ್ ಜಾನ್ ವುಡನ್. ಮುಂದೆ ಕ್ಯಾಲಿಫೋರ್ನಿಯಾದ ದೊಡ್ಡ ವಿಶ್ವವಿದ್ಯಾಲಯವಾದ ಯುಸಿಎಲ್‌ಎಯಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದು ದಂತಕಥೆಯಾದವರು. ಚಿಕ್ಕ ಕಾಲೇಜಿನಲ್ಲಿ ಅವರು ಆಡಿದ ಆ ಒಂದು ‘ಒಲ್ಲೆ’ ಆ ಹತ್ತರ ಜೊತೆ ನಿಲ್ಲಬಲ್ಲದು ಎಂದು ನನಗನ್ನಿಸುತ್ತದೆ.

ಬಾಗಿಲು ತೆರೆದ ಮೇಲೆ ಮೆಕ್ಲೆಂಡನ್ ಅವರ ಟೆನೆಸ್ಸಿ ಎ ಅಂಡ್ ಐ ಎಂಬ ಕಪ್ಪುವರ್ಣೀಯರ ಕಾಲೇಜಿನ ತಂಡ ಕಾನ್ಸಾಸ್ ಸಿಟಿಗೆ ಬಂತು. ಬೇರೆ ತಂಡಗಳು ಉಳಿಯುವ, ಉಣ್ಣುವ ಹೋಟೆಲಿನಲ್ಲೇ ತಮ್ಮವರಿಗೂ ಜಾಗ ಸಿಗಬೇಕೆಂದು ಅವರು ಷರತ್ತು ಹಾಕಿದ್ದರು. 1957, 1958, 1959, ಸತತ ಮೂರು ವರ್ಷ ಪ್ರಶಸ್ತಿ ಅವರದೇ. ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ 1979ರಲ್ಲಿ ಅವರನ್ನು ಸೇರಿಸಿಕೊಂಡಿತು, ಆದರೆ ‘ಕೊಡುಗೆ ನೀಡಿದವರು’ ಎಂಬ ವಿಭಾಗದಲ್ಲಿ. ಕೋಚ್ ಎಂದು ಒಪ್ಪಿಕೊಂಡದ್ದು 2016ರಲ್ಲಿ. ಅವರು ತೀರಿಕೊಂಡು ಆಗಲೇ ಹದಿನೇಳು ವರ್ಷವಾಗಿತ್ತು.

ಇನ್ನು ಕ್ಲಾರೆನ್ಸ್ ಗೇನ್ಸ್. ಆಜಾನುಬಾಹು ಮೈಕಟ್ಟಿಗೆ ‘ಬಿಗ್ ಹೌಸ್’ ಎಂದೇ ಹೆಸರಾಗಿದ್ದವರು. 1946ರಿಂದ 1993ರವರೆಗೆ ವಿನ್‌ಸ್ಟನ್-ಸೇಲಂ ಎಂಬ ಒಂದೇ ಕಾಲೇಜಿನಲ್ಲಿದ್ದರು. 1967ರಲ್ಲಿ ಅವರ ತಂಡ 31 ಗೆದ್ದು ಒಂದೇ ಒಂದು ಸೋತಿತು. ಪಂದ್ಯಕ್ಕೆ ಸರಾಸರಿ 41.5 ಅಂಕ ಗಳಿಸುತ್ತಿದ್ದ ಅರ್ಲ್ ಮನ್ರೋ ಆ ತಂಡದಲ್ಲಿದ್ದರು. ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯರ ಕಾಲೇಜು ಅದು. ಗೇನ್ಸ್ ಅವರ ಒಟ್ಟು ಲೆಕ್ಕ 828 ಗೆಲುವು, 447 ಸೋಲು.

ಆ 447ರ ಮೇಲೆ ಸ್ವಲ್ಪ ನಿಲ್ಲಬೇಕು. ಮನ್ರೋ ಅವರಂಥ ಹುಡುಗರು ವಿನ್‌ಸ್ಟನ್-ಸೇಲಂಗೆ ಬರುತ್ತಿದ್ದುದಕ್ಕೆ ಒಂದು ಕಾರಣ, ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಅವರಿಗೆ ಮುಚ್ಚಿದ್ದುದು. ಅರವತ್ತರ ದಶಕದ ಕೊನೆಗೆ ಆ ಬಾಗಿಲು ತೆರೆಯಿತು. ಅದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯವಿರುವ ಚಾಪೆಲ್ ಹಿಲ್‌ನಲ್ಲಿ ಕಪ್ಪು ಆಟಗಾರ ಚಾರ್ಲಿ ಸ್ಕಾಟ್ ಆಡತೊಡಗಿದರು. ತೆರೆಯಲೇಬೇಕಾಗಿದ್ದ ಬಾಗಿಲು ಅದು, ಗೇನ್ಸ್ ಅವರೂ ಬಯಸಿದ್ದು. ಆದರೆ ಆಮೇಲೆ ಪ್ರತಿಭೆಯೆಲ್ಲ ಅತ್ತ ಹರಿಯಿತು, ಅವರ ಪಾಲಿಗೆ ಸೋಲಿನ ವರ್ಷಗಳೂ ಬಂದವು. ನಿವೃತ್ತರಾದಾಗ ಅವರಿಗಿಂತ ಹೆಚ್ಚು ಗೆಲುವು ಇದ್ದದ್ದು ಕೆಂಟಕಿಯ ಅಡಾಲ್ಫ್ ರಪ್ ಒಬ್ಬರಿಗೇ, 876. ರಪ್ ತಮ್ಮ ತಂಡಕ್ಕೆ ಮೊದಲ ಕಪ್ಪು ಆಟಗಾರನನ್ನು ತಂದದ್ದು ನಾಲ್ಕು ದಶಕದ ವೃತ್ತಿಯ ಕೊನೆಯ ಹಂತದಲ್ಲಿ. ಈ ಎರಡು ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಮೇಲೆ ಕೆಳಗೆ ಬರೆಯುವುದು ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲೂ ಹೀಗೇ ಆಯಿತು. ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ, ಸನ್ಯಾಸಿನಿಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಪುಟ್ಟ ಕಾಲೇಜು. ಅದರ ವ್ಯಾಯಾಮಶಾಲೆ ಸುಟ್ಟುಹೋಗಿತ್ತು. ಕ್ಯಾಥಿ ರಶ್ ಎಂಬ ಎಳೆಯ ವಯಸ್ಸಿನ ಕೋಚ್ ವರ್ಷಕ್ಕೆ 450 ಡಾಲರ್ ಸಂಬಳಕ್ಕೆ ಸೇರಿದರು. ಆಟಗಾರ್ತಿಯರು ಪ್ರಯಾಣದ ಖರ್ಚಿಗಾಗಿ ಹಲ್ಲುಜ್ಜುವ ಬ್ರಷ್ ಮಾರಿದರು. ಸನ್ಯಾಸಿನಿಯರು ಗ್ಯಾಲರಿಯಲ್ಲಿ ಬಕೆಟ್ ಬಡಿದು ಹುರಿದುಂಬಿಸಿದರು. 1972ರಿಂದ 1974ರವರೆಗೆ ಮೂರೂ ರಾಷ್ಟ್ರೀಯ ಪ್ರಶಸ್ತಿ ಅವರಿಗೇ. ಶಿಕ್ಷಣದಲ್ಲಿ ಲಿಂಗ ಸಮಾನತೆಯ ಕಾನೂನು ಬಂದದ್ದೂ 1972ರಲ್ಲೇ. ಅದರ ಫಲವಾಗಿ ದೊಡ್ಡ ವಿಶ್ವವಿದ್ಯಾಲಯಗಳು ಮಹಿಳಾ ತಂಡಗಳಿಗೆ ಹಣ ಸುರಿದವು, ಇಮ್ಯಾಕ್ಯುಲೇಟಾ ಹಿಂದೆ ಬಿತ್ತು. ರಶ್ ಹಾಲ್ ಆಫ್ ಫೇಮ್ ಸೇರಲು 2008ರವರೆಗೆ ಕಾಯಬೇಕಾಯಿತು.

ಹಾಗಾದರೆ ಏನನ್ನು ನೋಡಬೇಕು? ಕೈಯಲ್ಲಿ ಏನಿತ್ತು, ಅದರಿಂದ ಏನು ಮಾಡಿದರು, ಅವರು ಹೋದ ಮೇಲೆ ಏನು ಉಳಿಯಿತು ಎಂಬುದನ್ನು ನೋಡಬೇಕು. ಕೊನೆಯದಕ್ಕೆ ಕಣ್ಣೆದುರಿನ ಸಾಕ್ಷಿಯೊಂದಿದೆ. ಜಿಮ್ ಕ್ರಚ್‌ಫೀಲ್ಡ್ ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವಿನ ವೆಸ್ಟ್ ಲಿಬರ್ಟಿಯಲ್ಲಿ ಟೆನಿಸ್ ಕಲಿಸುತ್ತಿದ್ದವರು. 2004ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಹೊಣೆ ಸಿಕ್ಕಿತು. ನಲವತ್ತು ನಿಮಿಷವೂ ಎದುರಾಳಿಗೆ ಉಸಿರಾಡಲು ಬಿಡದ ಆಟ ಅವರದು. ಮೆಕ್ಲೆಂಡನ್ ನೋಡಿದ್ದರೆ ಗುರುತು ಹಿಡಿಯುತ್ತಿದ್ದರು. 2017ರಲ್ಲಿ ಅವರು ಫ್ಲಾರಿಡಾದ ನೋವಾ ಸೌತ್‌ಈಸ್ಟರ್ನ್‌ಗೆ ಹೋದರು. ವೆಸ್ಟ್ ಲಿಬರ್ಟಿಯ ತಂಡ ಅವರ ಕೈಕೆಳಗೆ ಪಳಗಿದವರಿಗೇ ಬಂತು.

2023ರ ಡಿವಿಷನ್ ಎರಡರ ಫೈನಲ್‌ನಲ್ಲಿ ನೋವಾಕ್ಕೆ ಎದುರಾಗಿ ನಿಂತದ್ದು ವೆಸ್ಟ್ ಲಿಬರ್ಟಿಯೇ. ಎರಡೂ ತಂಡದವರು ಅಂಗಣದ ಈ ತುದಿಯಿಂದ ಆ ತುದಿಗೆ ಒಂದೇ ಬಗೆಯಲ್ಲಿ ಓಡಿದರು, ಒಂದೇ ಬಗೆಯಲ್ಲಿ ಬೆನ್ನುಹತ್ತಿದರು. ನೋವಾ 111–101ರಿಂದ ಗೆದ್ದು ಋತುವನ್ನು 36–0 ಎಂದು ಮುಗಿಸಿತು. ದಾಖಲೆಯ ಪುಸ್ತಕದಲ್ಲಿ ಆ ರಾತ್ರಿ ಕ್ರಚ್‌ಫೀಲ್ಡ್ ಅವರ ಹೆಸರಿನ ಮುಂದೆ ಸೇರಿದ್ದು ಒಂದು ಗೆಲುವು. ಆದರೆ ಎರಡೂ ಬೆಂಚುಗಳಲ್ಲಿ ಕೂತಿದ್ದವರು ಆಡಿದ್ದು ಅವರ ಆಟವನ್ನೇ.