‘ಸದ್ವರ್ತನೆ ಇರುವವರೆಗೆ’: ಅಮೆರಿಕದ ಫೆಡರಲ್ ನ್ಯಾಯಾಧೀಶರ ಅಧಿಕಾರಾವಧಿ

ಕಾನ್ಸಾಸ್ ರಾಜ್ಯದ ವಿಚಿಟಾ ನಗರದ ಫೆಡರಲ್ ನ್ಯಾಯಾಲಯ. 2010ರಲ್ಲಿ ಅಲ್ಲಿ ವಿಚಾರಣೆ ನಡೆಸುತ್ತಿದ್ದ ವೆಸ್ಲಿ ಬ್ರೌನ್ ಅವರಿಗೆ 103 ವರ್ಷ. ಮೂಗಿನ ಕೆಳಗೆ ಆಮ್ಲಜನಕದ ನಳಿಕೆ. ಕುಗ್ಗಿದ ಮೈ ಪೀಠದ ಹಿಂದೆ ಬಹುಪಾಲು ಮರೆಯಾಗುತ್ತಿತ್ತು. ದೀರ್ಘಕಾಲ ಎಳೆಯಬಹುದಾದ ಮೊಕದ್ದಮೆ ಹಿಡಿದು ಬಂದ ವಕೀಲರಿಗೆ, ಇದು ಮುಗಿಯುವ ಹೊತ್ತಿಗೆ ತಾನು ಬದುಕಿರಲಿಕ್ಕಿಲ್ಲ ಎಂದು ಅವರೇ ಮೊದಲು ಹೇಳಿಬಿಡುತ್ತಿದ್ದರು. ಈ ವಯಸ್ಸಿನಲ್ಲಿ ಹಣ್ಣಾಗದ ಬಾಳೆಕಾಯಿಯನ್ನೂ ಕೊಳ್ಳುವುದಿಲ್ಲ ಎನ್ನುತ್ತಿದ್ದರು.

ಅವರನ್ನು ಯಾರೂ ನಿವೃತ್ತಿಗೊಳಿಸಲಿಲ್ಲ ಏಕೆ? ಗೊಳಿಸುವ ಅಧಿಕಾರ ಯಾರಿಗೂ ಇರಲಿಲ್ಲ. 1787ರಲ್ಲಿ ರಚನೆಯಾದ ಅಮೆರಿಕ ಸಂವಿಧಾನದ ಮೂರನೆಯ ವಿಧಿ, ನ್ಯಾಯಾಧೀಶರು ‘ಸದ್ವರ್ತನೆ ಇರುವವರೆಗೆ’ ಹುದ್ದೆಯಲ್ಲಿರುತ್ತಾರೆ ಎನ್ನುತ್ತದೆ. ವಯಸ್ಸಿನ ಮಾತೇ ಅಲ್ಲಿಲ್ಲ. ಭಾರತದಲ್ಲಾದರೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ 65, ಹೈಕೋರ್ಟಿನವರಿಗೆ 62 ತುಂಬಿದರೆ ಸೇವೆ ಮುಗಿಯಿತು.

‘ಸದ್ವರ್ತನೆ’ ಎಂದೊಡನೆ ಶಾಲೆಯ ನಡತೆಯ ಪ್ರಮಾಣಪತ್ರ ನೆನಪಾಗುತ್ತದೆ. ನ್ಯಾಯಾಧೀಶರಿಗೆ ಹಾಕಿದ ಕಟ್ಟಳೆಯಂತೆ ಕೇಳಿಸುತ್ತದೆ. ಆದರೆ ಈ ಮಾತು ಹುಟ್ಟಿದ್ದು ಅವರನ್ನು ಕಾಯುವುದಕ್ಕೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ನ್ಯಾಯಾಧೀಶರು ರಾಜನ ಮರ್ಜಿ ಇರುವಷ್ಟು ದಿನ ಮಾತ್ರ ಪೀಠದಲ್ಲಿರಬಹುದಿತ್ತು. ತೀರ್ಪು ಹಿಡಿಸದಿದ್ದರೆ ಹುದ್ದೆ ಹೋಯಿತು. 1701ರ ಕಾಯ್ದೆಯೊಂದು ಇದನ್ನು ಬದಲಿಸಿ, ಮರ್ಜಿಯ ಜಾಗದಲ್ಲಿ ಸದ್ವರ್ತನೆಯನ್ನು ಇಟ್ಟಿತು. ಅಮೆರಿಕದ ವಸಾಹತುಗಳಿಗೆ ಆ ರಕ್ಷಣೆ ದಕ್ಕಲಿಲ್ಲ. ರಾಜನು ನ್ಯಾಯಾಧೀಶರ ಹುದ್ದೆಯನ್ನೂ ಸಂಬಳವನ್ನೂ ತನ್ನ ಇಚ್ಛೆಗೆ ಕಟ್ಟಿಹಾಕಿದ್ದಾನೆ ಎಂಬುದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿರುವ ದೂರುಗಳಲ್ಲೊಂದು. ಆದ್ದರಿಂದಲೇ ಮೂರನೆಯ ವಿಧಿಯು ಅಧಿಕಾರಾವಧಿಯ ಬೆನ್ನಿಗೇ, ಹುದ್ದೆಯಲ್ಲಿರುವಾಗ ಸಂಬಳ ಇಳಿಸಕೂಡದು ಎಂದೂ ಸೇರಿಸಿದೆ. ಅನ್ನಕ್ಕೆ ಕುತ್ತು ಬರುತ್ತದೆಂದು ಅಂಜುವವನಿಂದ ನ್ಯಾಯ ನಿರೀಕ್ಷಿಸುವುದು ಹೇಗೆ?

ಪೀಠದಿಂದ ಇಳಿಸುವ ದಾರಿ ಒಂದೇ: ಮಹಾಭಿಯೋಗ. ಪ್ರತಿನಿಧಿ ಸಭೆ ಸರಳ ಬಹುಮತದಿಂದ ಆರೋಪ ಹೊರಿಸಬೇಕು. ಸೆನೆಟ್ ವಿಚಾರಣೆ ನಡೆಸಿ ಮೂರನೇ ಎರಡರಷ್ಟು ಬಹುಮತದಿಂದ ತಪ್ಪಿತಸ್ಥರೆಂದು ಹೇಳಬೇಕು. ಇದುವರೆಗೆ ಹಾಗೆ ಹುದ್ದೆ ಕಳೆದುಕೊಂಡವರು ಎಂಟೇ ಮಂದಿ. 1805ರಲ್ಲಿ ಸುಪ್ರೀಂ ಕೋರ್ಟಿನ ಸ್ಯಾಮ್ಯುಯೆಲ್ ಚೇಸ್ ಅವರನ್ನು ಸೆನೆಟ್ ಖುಲಾಸೆ ಮಾಡಿದ ಮೇಲೆ, ತೀರ್ಪು ಇಷ್ಟವಾಗಲಿಲ್ಲ ಎಂಬುದು ಪದಚ್ಯುತಿಗೆ ಕಾರಣವಾಗಲಾರದು ಎಂಬ ಸಂಪ್ರದಾಯ ಗಟ್ಟಿಯಾಯಿತು. ನನ್ನ ದೃಷ್ಟಿಯಲ್ಲಿ ‘ಸದ್ವರ್ತನೆ ಇರುವವರೆಗೆ’ ಎಂಬ ಪದಗುಚ್ಛದ ನಿಜವಾದ ಅರ್ಥ ಸ್ಪಷ್ಟವಾದದ್ದು ಚೇಸ್ ಖುಲಾಸೆಯಾದ ಆ ದಿನವೇ.

ಕೊರತೆಯೂ ಇದೆ. ಮುಪ್ಪು, ಮರೆವು ದುರ್ವರ್ತನೆಯಲ್ಲ. 1804ರಲ್ಲಿ ಮೊದಲು ಪದಚ್ಯುತರಾದ ಜಾನ್ ಪಿಕರಿಂಗ್ ಅವರನ್ನು ಕಾಡಿದ್ದು ಕುಡಿತ ಮತ್ತು ಬುದ್ಧಿವಿಕಲತೆ. ಕಾಯಿಲೆಯ ಮನುಷ್ಯನನ್ನು ಅಪರಾಧಿಯಂತೆ ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ; ಅದು ಇಂದಿಗೂ ನೋವು ತರುವ ಪ್ರಸಂಗ. ಮುಂದೆ 1919ರಲ್ಲಿ ‘ಹಿರಿಯ ನ್ಯಾಯಾಧೀಶ’ ಎಂಬ ವ್ಯವಸ್ಥೆ ಬಂತು. ಅರ್ಹ ವಯಸ್ಸು, ಸೇವಾವಧಿ ಎರಡೂ ಇದ್ದವರು ತಮ್ಮ ಸ್ಥಾನವನ್ನು ಹೊಸಬರಿಗೆ ಬಿಟ್ಟುಕೊಟ್ಟು, ಕೈಲಾದಷ್ಟು ಪ್ರಕರಣಗಳನ್ನು ನೋಡುತ್ತಾ ಮುಂದುವರಿಯಬಹುದು. ಆದರೆ ಅದು ಅವರವರ ಇಷ್ಟ.

ಬ್ರೌನ್ ಆ ಆಯ್ಕೆ ಮಾಡಿಕೊಂಡದ್ದು 1979ರಲ್ಲಿ. ಫೆಡರಲ್ ನ್ಯಾಯಾಧೀಶರಾಗುವ ಮುನ್ನ ಅವರು ದಿವಾಳಿ ಪ್ರಕರಣಗಳನ್ನು ನೋಡುತ್ತಿದ್ದರು. ಆ ಹುದ್ದೆಗೆ ಆಜೀವ ರಕ್ಷಣೆಯಿಲ್ಲ. 1962ರಲ್ಲಿ ಬ್ರೌನ್ ಅವರನ್ನು ಅಧ್ಯಕ್ಷ ಕೆನಡಿ ಫೆಡರಲ್ ನ್ಯಾಯಾಧೀಶರನ್ನಾಗಿ ನೇಮಿಸಿದ ಮೇಲೆಯೇ ಅದು ಸಿಕ್ಕಿದ್ದು. ತನ್ನನ್ನು ನೇಮಿಸಿರುವುದು ಜೀವ ಇರುವವರೆಗೆ ಅಥವಾ ಸದ್ವರ್ತನೆ ಇರುವವರೆಗೆ, ಯಾವುದು ಮೊದಲು ಹೋಗುತ್ತದೋ ಅಲ್ಲಿಯವರೆಗೆ ಎಂದು ಅವರು ಹೇಳುತ್ತಿದ್ದರು. 2012ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ, ಮೊದಲು ಹೋದದ್ದು ಜೀವ.