ಮಟನ್ ರೇಟಿಗೆ ಕೇಸ್ ಹಾಕಲು ಬರುವವರಿಗೆ

ಯುಗಾದಿ ಆದ ಮೇಲೆ ಮನೆಮನೆಯಲ್ಲೂ ಮಾಂಸದಡುಗೆ ಮಾಡುವ ಹೊಸತೊಡಕಿನ ಮಾರನೇ ದಿನ ನನ್ನ ಆಫೀಸಿಗೆ ಬರುವವರ ಮಾತು ಹೆಚ್ಚುಕಮ್ಮಿ ಒಂದೇ. “ಮೇಡಂ, ಹೋದ ವಾರದ ರೇಟಿಗೂ ನಿನ್ನೆ ರೇಟಿಗೂ ಕೆಜಿಗೆ 80 ರೂಪಾಯಿ ವ್ಯತ್ಯಾಸ. ಸರ್ಕಾರ ಏನ್ ಮಾಡ್ತಿದೆ? ಒಂದು ಕೇಸ್ ಹಾಕಿ.”

ನಮ್ಮದು ಪುರಸಭೆ ಇರುವ ಸಣ್ಣ ಊರು. ಗ್ರಾಹಕರ ದೂರು, ಪುರಸಭೆಯ ತಕರಾರು, ಇವೇ ವಕೀಲೆಯಾದ ನನ್ನ ದಿನದ ಕೆಲಸ. ಬಂದವರ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಮಟನ್ ತರುವ ಮನೆಗೆ ಆ 80 ರೂಪಾಯಿ ದೊಡ್ಡದೇ. ಆದರೆ ಅಷ್ಟು ಸಿಟ್ಟು ಹೋಗಬಾರದ ಕಡೆ ಹೋಗಿ ಸೋರಿಹೋಗುತ್ತದಲ್ಲ, ಅದನ್ನು ನೋಡಿದರೆ ಸಂಕಟವಾಗುತ್ತದೆ. ಎಷ್ಟು ಸಲ ಹೇಳಿದರೂ ಮುಂದಿನ ಯುಗಾದಿಗೆ ಮತ್ತೆ ಅದೇ ಪ್ರಶ್ನೆ. ಅದಕ್ಕೇ ಈ ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮ ಕನ್ನಡದ ಕಾನೂನು ಪುಸ್ತಕಗಳಲ್ಲಿ ಎರಡು ಮಾತು ಪುಟಪುಟಕ್ಕೂ ಬರುತ್ತವೆ. ಒಂದು ‘ಬಹುದು’. ಇನ್ನೊಂದು ‘ತಕ್ಕದ್ದು’. ಸರ್ಕಾರ ದರ ನಿಗದಿ ಮಾಡಬಹುದು. ಪುರಸಭೆ ಚರಂಡಿಯನ್ನು ಶುಚಿಯಾಗಿ ಇಡತಕ್ಕದ್ದು. ಮೊದಲನೆಯದು ಅಧಿಕಾರ, ಎರಡನೆಯದು ಹೊಣೆ. ‘ಬಹುದು’ ಅಂತ ಇರುವ ಕೆಲಸ ಮಾಡಲಿಲ್ಲ ಅಂತ ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಬರಿಗೈಲಿ ವಾಪಸ್ ಬರುತ್ತೀರಿ. ‘ತಕ್ಕದ್ದು’ ಅಂತ ಇರುವುದನ್ನು ಮಾಡಲಿಲ್ಲ ಅಂದರೆ ಮಾತು ಬೇರೆ. ಅಲ್ಲಿ ಉತ್ತರ ಕೊಡಬೇಕಾದವರು ಅವರು. ನಾನು ಹೇಳುವುದು ಇಷ್ಟೇ. ಆದರೆ ಇಷ್ಟನ್ನು ಮನಸ್ಸಿಗೆ ನಾಟಿಸೋಕೆ ನನಗೆ ಪ್ರತಿ ಸಲ ಅರ್ಧ ಗಂಟೆ ಬೇಕಾಗುತ್ತದೆ.

ಮಾಂಸದ ದರ ‘ಬಹುದು’ ಸಾಲಿಗೆ ಸೇರಿದ್ದು. 1955ರ ಅಗತ್ಯ ವಸ್ತುಗಳ ಕಾಯ್ದೆಯಲ್ಲಿ ಆಹಾರ ಪದಾರ್ಥಗಳ ಬೆಲೆ ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕಿದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಧಿಕಾರ ಇದೆ ಅಂದಮಾತ್ರಕ್ಕೆ ದಿನಾ ಬೆಳಗ್ಗೆ ಮಟನ್‌ಗೆ ರೇಟು ಕಟ್ಟುವ ಹೊಣೆ ಅದರ ಮೇಲೆ ಬೀಳುವುದಿಲ್ಲ.

“ಕಾಶ್ಮೀರದಲ್ಲಿ ಸರ್ಕಾರವೇ ಕಟ್ಟುತ್ತಂತಲ್ಲ ಮೇಡಂ” ಅಂತ ಮೊಬೈಲು ಮುಂದೆ ಹಿಡಿಯುತ್ತಾರೆ. ಕಟ್ಟುತ್ತಿತ್ತು, ನಿಜ. 1973ರ ಒಂದು ಆದೇಶದ ಪ್ರಕಾರ ಅಲ್ಲಿ ಮಟನ್ ದರವನ್ನು ಸರ್ಕಾರವೇ ಹೇಳುತ್ತಿತ್ತು. ಆ ಆದೇಶ 2023ರಲ್ಲಿ ರದ್ದಾಯಿತು. ಆದೇಶ ಜಾರಿಯಲ್ಲಿದ್ದಾಗಲೂ ಎಲ್ಲ ಸುಸೂತ್ರವಾಗಿರಲಿಲ್ಲ. 2020ರ ಕೊನೆಗೆ ದರದ ಜಗಳ ಶುರುವಾಗಿ ವ್ಯಾಪಾರಿಗಳು ಹೊರಗಿನಿಂದ ಕುರಿ ತರಿಸುವುದನ್ನೇ ನಿಲ್ಲಿಸಿದರು. ಮಟನ್ ಇಲ್ಲದೆ ಮದುವೆ ಊಟವೇ ಇಲ್ಲ ಅನ್ನುವ ನಾಡದು. ತಿಂಗಳುಗಟ್ಟಲೆ ಜನ ಪರದಾಡಿದರು. ಸರ್ಕಾರ ಬರೆದ ರೇಟು ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಅಂಗಡಿಯಲ್ಲಿ ಮಾಂಸ ಇರಲಿಲ್ಲ.

ಇನ್ನು ಎಂಆರ್‌ಪಿ. “ಎಂಆರ್‌ಪಿಗಿಂತ ಜಾಸ್ತಿ ತಗೊಂಡಿದ್ದಾನೆ” ಅಂತ ಬರುವವರಿಗೆ ಲೆಕ್ಕವಿಲ್ಲ. ಎಂಆರ್‌ಪಿ ಇರುವುದು ಪ್ಯಾಕೆಟ್ ಮಾಡಿ ಮುಚ್ಚಿದ ಸಾಮಾನಿಗೆ. ಕೊಕ್ಕೆಗೆ ನೇತುಹಾಕಿದ ಮಾಂಸಕ್ಕೆ ಎಂಆರ್‌ಪಿ ಎಲ್ಲಿಂದ ಬರಬೇಕು? ಹಾಗೆಯೇ ಪೇಪರಿನಲ್ಲಿ ಬರುವ ಮೊಟ್ಟೆ ದರವನ್ನು ಸರ್ಕಾರದ ದರ ಅಂದುಕೊಂಡಿದ್ದಾರೆ. ಅದನ್ನು ಪ್ರಕಟಿಸುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ಕೋಳಿ ಸಾಕಣೆದಾರರು ಕಟ್ಟಿಕೊಂಡ ಸಂಸ್ಥೆ. ಅದು ಹೇಳುವುದು ಸೂಚಿತ ಬೆಲೆ ಅಷ್ಟೇ. ಶ್ರಾವಣದಲ್ಲಿ ಕೋಳಿ ರೇಟು ನೆಲಕಚ್ಚಿದಾಗ ಕೋಳಿ ಸಾಕಿದವರು ಇದೇ ಕುರ್ಚಿಯಲ್ಲಿ ಕೂತು, “ಕಡಿಮೆ ಅಂದರೂ ಇಷ್ಟು ಕೊಡಬೇಕು ಅಂತ ಸರ್ಕಾರ ಯಾಕೆ ಹೇಳಲ್ಲ?” ಅಂತ ಕೇಳುತ್ತಾರೆ. ಮೆಕ್ಕೆಜೋಳ, ಸೋಯಾ ಹಿಂಡಿ ತಂದು ಸಾಕಿ ಸೋತಿರುತ್ತಾರೆ, ಪಾಪ. ಅವರಿಗೂ ನಾನು ಕೊಡುವ ಉತ್ತರ ಇದೇ.

ದರದ ವಿಷಯದಲ್ಲಿ ಕೇಸೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಅಂಗಡಿ ಬೋರ್ಡಿನ ಮೇಲೆ ಒಂದು ದರ ಬರೆದು ನಿಮ್ಮಿಂದ ಇನ್ನೊಂದು ತಗೊಂಡರೆ ಅದು ದೂರು. ಫೋನಿನಲ್ಲಿ ಒಪ್ಪಿದ ದರ ಬಿಟ್ಟು ಜಾಸ್ತಿ ಕಿತ್ತರೆ ಅದೂ ದೂರು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇವೆರಡಕ್ಕೂ ಜಾಗ ಕೊಟ್ಟಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಅದಕ್ಕೇ ಮೊದಲು ಬೋರ್ಡಿನ ಫೋಟೋ ತೆಗೆಯಿರಿ ಅನ್ನುತ್ತೇನೆ. ಯಾರೂ ತೆಗೆಯುವುದಿಲ್ಲ.

ಎರಡು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಹೀಗೇ ಬಂದರು. ತುಂಬ ಸಂಭಾವಿತರು. ಅವರ ಕೈಯಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ಐದು ವರ್ಷದ ಮಟನ್ ದರ, ತಾರೀಖಿನ ಸಮೇತ. ಅಷ್ಟು ಶ್ರದ್ಧೆ ನೋಡಿ ನನಗೆ ಸುಮ್ನೆ ಕಳಿಸೋಕೆ ಮನಸ್ಸಾಗಲಿಲ್ಲ. “ನಡೀರಿ ಮೇಷ್ಟ್ರೇ, ಅಂಗಡಿಗೇ ಹೋಗೋಣ” ಅಂದೆ.

ಭಾನುವಾರ ಬೆಳಗ್ಗೆ ಏಳೂವರೆ. ಕೊರಡಿನ ಮುಂದೆ ಆರೇಳು ಜನ. ಮೇಷ್ಟ್ರು ನೇರವಾಗಿ ರೇಟಿನ ಮಾತು ತೆಗೆದರು. ಅಂಗಡಿಯಣ್ಣ ಕತ್ತಿ ಕೆಳಗಿಟ್ಟು, ಅವರ ನೋಟ್‌ಬುಕ್ಕಿನಲ್ಲೇ ಲೆಕ್ಕ ಬರೆದ. 20 ಕೆಜಿ ತೂಗುವ ಕುರಿ ತಂದರೆ ಸಿಗುವ ಮಾಂಸ 9ರಿಂದ 10 ಕೆಜಿ. ಹಬ್ಬದ ವಾರ ಸಂತೆಯಲ್ಲಿ ಕುರಿಯ ಬೆಲೆಯೇ ಏರಿರುತ್ತದೆ. ಸಂತೆಯಲ್ಲಿ ಕುರಿಗೆ 500 ರೂಪಾಯಿ ಜಾಸ್ತಿಯಾದರೆ ಮಾಂಸಕ್ಕೆ ಕೆಜಿಗೆ 50 ತಾನಾಗಿಯೇ ಸೇರುತ್ತದೆ. ಹಿಂದೆ ಚರ್ಮ ಮಾರಿ ಬರುತ್ತಿದ್ದ ದುಡ್ಡು ಈಗ ಬರುತ್ತಿಲ್ಲ. ಉಳಿಯುವುದು ತಲೆಕಾಲು, ಬೋಟಿಯ ಮೇಲೆ ಅಂದ. ಮೇಷ್ಟ್ರು ಆ ಲೆಕ್ಕದ ಕೆಳಗೆ ಗೆರೆ ಎಳೆದು ಸುಮ್ಮನೆ ನಿಂತರು.

ನನ್ನ ಕಣ್ಣು ತೂಕದ ಮೆಷಿನ್ ಮೇಲಿತ್ತು. ತಟ್ಟೆ ಖಾಲಿ. ಕೆಂಪು ಅಕ್ಷರದಲ್ಲಿ 0.035 ಅಂತ ತೋರಿಸುತ್ತಿತ್ತು. ಏನೂ ಇಡದೆಯೇ 35 ಗ್ರಾಂ. ಅದೇ ತಟ್ಟೆ ಮೇಲೆ ಮಾಂಸ ಬಿತ್ತು, ಚೀಲಕ್ಕೆ ಹೋಯಿತು. ಯಾರೂ ನೋಡಲಿಲ್ಲ. ಕೆಜಿಗೆ 800 ರೂಪಾಯಿ ಲೆಕ್ಕದಲ್ಲಿ ಆ 35 ಗ್ರಾಂಗೆ 28 ರೂಪಾಯಿ. ಅರ್ಧ ಕೆಜಿ ತಗೊಂಡವರಿಗೂ ಅಷ್ಟೇ ನಷ್ಟ. ಕಾಲು ಕೆಜಿ ತಗೊಂಡ ಅಜ್ಜಿಗೂ ಅಷ್ಟೇ. “ಅಣ್ಣಾ, ಇದು ಸೊನ್ನೆಗೆ ಬಂದಿಲ್ವಲ್ಲ” ಅಂದೆ. ಅವನು ತಟ್ಟೆ ಎತ್ತಿದ. ಕೆಳಗೆ ಅಂಟಿದ್ದ ಕೊಬ್ಬಿನ ಚೂರು ಕೆರೆದು, ನೀರು ಒರೆಸಿ, ಗುಂಡಿ ಒತ್ತಿದ. “ಬೆಳಗ್ಗಿಂದ ನೋಡೇ ಇಲ್ಲ ಕಣಕ್ಕ” ಅಂದ. ನಾನು ನಂಬಿದೆ. ಮುಖದಲ್ಲಿ ನಾಚಿಕೆ ಇತ್ತು.

ಮೆಷಿನ್ ಪಕ್ಕದ ಗೋಡೆ ಮೇಲೆ ಪರಿಶೀಲನಾ ಪ್ರಮಾಣಪತ್ರ ಇತ್ತು. ತಾರೀಖು ಮಾತ್ರ ಎರಡು ವರ್ಷ ಹಳೆಯದು. ಎಲೆಕ್ಟ್ರಾನಿಕ್ ತೂಕದ ಮೆಷಿನ್ನಿಗೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಿ ಮುದ್ರೆ ಬೀಳಬೇಕು. ಇದು ತೂಕ, ಅಳತೆಗೆಂದೇ ಇರುವ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರ ಕೆಳಗಿನ ರಾಜ್ಯದ ನಿಯಮಗಳ ಮಾತು. ಮುದ್ರೆ ಹಾಕಿಸಿಕೊಳ್ಳುವುದು ಅಂಗಡಿಯವನ ಹೊಣೆ. ಹಾಕಿಸಿದ್ದಾನಾ ಅಂತ ನೋಡುವುದು ಇಲಾಖೆಯ ಹೊಣೆ. ಇಲ್ಲಿ ‘ಬಹುದು’ ಇಲ್ಲ. ರೇಟನ್ನು ಐದು ವರ್ಷ ಬರೆದಿಟ್ಟ ಮೇಷ್ಟ್ರು ಆ ಕಾಗದದ ತಾರೀಖನ್ನು ಒಂದು ದಿನವೂ ಓದಿರಲಿಲ್ಲ. ನಾವ್ಯಾರೂ ಓದುವುದಿಲ್ಲ, ಅಲ್ವಾ?

ಹೊರಡುವಾಗ ಅಂಗಡಿಯಣ್ಣ ತನ್ನ ಅಹವಾಲು ಹೇಳಿಕೊಂಡ. ಕಸಾಯಿಖಾನೆಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಪಶುವೈದ್ಯರು ಬಂದರೆ ಬಂದರು, ಇಲ್ಲವಾದರೆ ಇಲ್ಲ. ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡು ಮಳೆ ಬಂದರೆ ರಸ್ತೆಗೇ ಬರುತ್ತದೆ. “ರೇಟು ಕೇಳೋಕೆ ಎಲ್ಲರೂ ಬರ್ತಾರೆ. ಇದನ್ನ ಕೇಳೋಕೆ ಒಬ್ಬರೂ ಬರಲ್ಲ” ಅಂದ.

ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬೇಕಾದ 18 ವಿಷಯಗಳ ಪಟ್ಟಿ ಇದೆ. 1992ರ 74ನೇ ತಿದ್ದುಪಡಿಯಿಂದ ಬಂದದ್ದು. ನೀರು ಅದರಲ್ಲಿದೆ, ನೈರ್ಮಲ್ಯ ಇದೆ. 17ನೆಯದು ಬೀದಿದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ. ಕೊನೆಯದು, 18ನೆಯದು, ಕಸಾಯಿಖಾನೆ ಮತ್ತು ಚರ್ಮ ಹದ ಮಾಡುವ ಜಾಗಗಳ ನಿಯಂತ್ರಣ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಕಡ್ಡಾಯ ಕೆಲಸಗಳನ್ನೂ ಮನಸ್ಸಿದ್ದರೆ ಮಾಡಬಹುದಾದ ಕೆಲಸಗಳನ್ನೂ ಬೇರೆ ಬೇರೆ ಮಾಡಿಟ್ಟಿದೆ. ಚರಂಡಿ ಕಡ್ಡಾಯದ ಪಟ್ಟಿಯಲ್ಲಿದೆ. ಪ್ರಾಣಿಗಳ ಮಾತಿಗೆ ಬಂದರೆ 2001ರ ಕಸಾಯಿಖಾನೆ ನಿಯಮಗಳಿವೆ. ದಿನಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಪ್ರಾಣಿ ಕಡಿಯುವ ಕಡೆ ಇವು ಅನ್ವಯ. ಪಶುವೈದ್ಯರು ನೋಡಿ ಯೋಗ್ಯ ಅಂತ ಬರೆದುಕೊಡದ ಪ್ರಾಣಿಯನ್ನು ಕಡಿಯುವಂತಿಲ್ಲ. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಜಾಸ್ತಿ ನೋಡುವಂತಿಲ್ಲ. ನೋಡುವುದು ನಿಜವಾಗಿ ನೋಡುವುದೇ ಆಗಿರಲಿ ಅಂತ ಆ ಲೆಕ್ಕ. ನಿಮ್ಮ ಮಗುವಿನ ತಟ್ಟೆಗೆ ಬೀಳುವ ತುಂಡು ರೋಗದ ಕುರಿಯದ್ದೋ ಅಲ್ಲವೋ ಅನ್ನುವುದು ಆ ಐದು ನಿಮಿಷದಲ್ಲಿ ತೀರ್ಮಾನ ಆಗುತ್ತದೆ. ಇದಕ್ಕೆ ಜಗಳ ಆಡಿ. ನಾನೂ ಜೊತೆಗೆ ಬರುತ್ತೇನೆ.

ಆ ಬೀದಿಯವರು ಅರ್ಜಿಯನ್ನೇ ಕೊಟ್ಟಿರಲಿಲ್ಲ ಅಂತಲ್ಲ. ಕೊಟ್ಟಿದ್ದರು. ಆಮೇಲೆ ಮೇಷ್ಟ್ರು ಅದರ ಪ್ರತಿ ತಂದು ತೋರಿಸಿದರು. ನಾಲ್ಕು ಪುಟ, ಆರು ಬೇಡಿಕೆ, 63 ಸಹಿ. ಮೊದಲನೇ ಬೇಡಿಕೆ, ದಪ್ಪ ಅಕ್ಷರದಲ್ಲಿ: ಮಾಂಸದ ದರ ಇಳಿಸಬೇಕು. ಚರಂಡಿ ನಾಲ್ಕನೆಯದು. ಪಶುವೈದ್ಯರ ವಿಷಯ ಕೊನೆಗೆ. ಬಂದ ಉತ್ತರ ಎರಡು ಸಾಲು. ಮಾಂಸದ ದರ ನಿಗದಿ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ ಅರ್ಜಿ ಮುಕ್ತಾಯಗೊಳಿಸಲಾಗಿದೆ. ಅಷ್ಟೇ. ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಕಚೇರಿಯ ವ್ಯಾಪ್ತಿಗೇ ಬರುವ ಐದು ಬೇಡಿಕೆ ಆ ಒಂದು ಬೇಡಿಕೆಯ ಜೊತೆ ಕಸದಬುಟ್ಟಿಗೆ ಹೋದವು. ನನ್ನ ಸಂಕಟ ಇದೇ. ರೇಟಿನ ಮಾತನ್ನು ನೀವು ಮೊದಲು ಬರೆದರೆ, ತಪ್ಪಿಸಿಕೊಳ್ಳುವ ದಾರಿಯನ್ನು ನೀವೇ ತೋರಿಸಿಕೊಟ್ಟ ಹಾಗೆ.

ನಾವು ಆ ಅರ್ಜಿಯನ್ನು ಒಡೆದೆವು. ರೇಟಿನ ಮಾತು ಪೂರ್ತಿ ತೆಗೆದೆವು. ಒಂದು ಬೇಡಿಕೆಗೆ ಒಂದು ಅರ್ಜಿ, ಒಂದೇ ಪುಟ. ಯಾವ ಕೆಲಸ, ಯಾವ ಜಾಗ, ಎಷ್ಟು ದಿನದಿಂದ ನಿಂತಿದೆ, ಯಾವ ಕಾನೂನಿನಲ್ಲಿ ಅದು ನಿಮ್ಮ ಹೊಣೆ, ಇಷ್ಟೇ. ಪ್ರತಿಯೊಂದಕ್ಕೂ ಸ್ವೀಕೃತಿ ತಗೊಂಡೆವು. ಒಬ್ಬರಿಗೆ ಹೊಸ ನಲ್ಲಿ ಸಂಪರ್ಕ ಬೇಕಿತ್ತು. ಆ ಅರ್ಜಿಯನ್ನು ‘ಸಕಾಲ’ದಲ್ಲಿ, ಅಂದರೆ ಸರ್ಕಾರಿ ಸೇವೆಗೆ ಗಡುವು ಹಾಕಿರುವ ರಾಜ್ಯದ ಕಾಯ್ದೆಯ ಕೆಳಗೆ, ಹಾಕಿಸಿದೆ. 2011ರ ಆ ಕಾಯ್ದೆಯಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಇದೆ. ಮೊತ್ತ ಸಣ್ಣದು. ಆದರೆ ಸಕಾಲದಲ್ಲಿ ಅರ್ಜಿಗೆ ಕೊಡುವ 15 ಅಂಕಿಯ ನಂಬರು ಕೈಯಲ್ಲಿದ್ದರೆ ಮೇಲ್ಮನವಿ ಹಾಕಬಹುದು, ಫೈಲು ಎಲ್ಲಿದೆ ಅಂತ ಕೇಳಬಹುದು. ಬಾಯಿಮಾತಿನ ದೂರಿಗೆ ಆ ಬಲ ಇಲ್ಲ.

ಚರಂಡಿಗೆ ಪುರಸಭೆಯಿಂದ ಬಂದ ಮೊದಲ ಉತ್ತರ: ಅನುದಾನ ಇಲ್ಲ. ಈ ಉತ್ತರ ಕೇಳಿ ಸುಮ್ಮನಾಗಬೇಡಿ. ಮಧ್ಯಪ್ರದೇಶದ ರತ್ಲಾಮ್ ಊರಿನವರು ತಮ್ಮ ಬೀದಿಯ ತೆರೆದ ಚರಂಡಿ, ಶೌಚಾಲಯ ಇಲ್ಲದ ಗಲೀಜು, ಇವಕ್ಕೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿದ್ದರು. ಅಲ್ಲಿನ ಪುರಸಭೆಯೂ ದುಡ್ಡಿಲ್ಲ ಅಂದಿತ್ತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಬಂತು. ದುಡ್ಡಿಲ್ಲ ಅಂತ ಹೇಳಿ ಪುರಸಭೆ ತನ್ನ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಅನ್ನುವುದು ಅದರ ಸಾರ. ಆಗ ಅವರು ಮ್ಯಾಜಿಸ್ಟ್ರೇಟರ ಹತ್ತಿರ ಹೋದದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಪ್ರಕಾರ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು.

ಇನ್ನೊಂದು ಜಾಗ ಖಾಯಂ ಲೋಕ ಅದಾಲತ್. ನೀರು, ವಿದ್ಯುತ್, ನೈರ್ಮಲ್ಯ, ಸಾರಿಗೆ, ಆಸ್ಪತ್ರೆ, ಇಂಥ ಸೇವೆಗಳ ತಕರಾರಿಗೇ ಮಾಡಿದ್ದು. ಕೋರ್ಟ್ ಶುಲ್ಕ ಇಲ್ಲ. ಆಗಲೇ ಕೋರ್ಟಿನಲ್ಲಿ ಕೇಸು ಹಾಕಿದ್ದರೆ ಮಾತ್ರ ಇಲ್ಲಿಗೆ ಬರುವಂತಿಲ್ಲ. ಗ್ರಾಹಕ ಆಯೋಗಕ್ಕೆ ಚರಂಡಿಯ ಕೇಸು ತಗೊಂಡು ಹೋಗುವವರಿಗೆ ಒಂದು ಎಚ್ಚರಿಕೆ: ತೆರಿಗೆ ಕಟ್ಟಿದಮಾತ್ರಕ್ಕೆ ನೀವು ಪುರಸಭೆಯ ‘ಗ್ರಾಹಕ’ ಆಗುವುದಿಲ್ಲ ಅನ್ನುವುದು ಸಾಮಾನ್ಯವಾಗಿ ಕೋರ್ಟುಗಳ ನಿಲುವು. ಶುಲ್ಕ ಕಟ್ಟಿ ಪಡೆಯುವ ಸೇವೆಯ ಮಾತು ಬೇರೆ. ಪ್ರತಿ ಕೇಸಿನ ಸಂಗತಿ ಬೇರೆ ಬೇರೆ ಇರುತ್ತದೆ, ಹಾಗಾಗಿ ನಾನು ಬರೆದದ್ದನ್ನೇ ಹಿಡಿದು ಹೊರಡಬೇಡಿ. ಕಾಗದ ಪತ್ರ ಒಬ್ಬ ವಕೀಲರಿಗೆ ತೋರಿಸಿ.

ಆ ಬೀದಿಯ ಚರಂಡಿಯ ಹೂಳನ್ನು ಹೋದ ಮಳೆಗಾಲಕ್ಕೆ ಮುಂಚೆ ಎತ್ತಿದರು. ಅರ್ಧ ಕಡೆ ಮೇಲೆ ಚಪ್ಪಡಿಯೂ ಬಂತು. ಅಂಗಡಿಯಣ್ಣ ಮೆಷಿನ್ನಿಗೆ ಹೊಸ ಮುದ್ರೆ ಹಾಕಿಸಿ, ಪ್ರಮಾಣಪತ್ರವನ್ನು ಗಿರಾಕಿಗಳ ಕಣ್ಣಿಗೆ ಬೀಳುವ ಕಡೆ ತೂಗುಹಾಕಿದ್ದಾನೆ. ಪಶುವೈದ್ಯರ ಅರ್ಜಿಗೆ ಮಾತ್ರ ಉತ್ತರ ಬಂದಿಲ್ಲ. ಮೊನ್ನೆ ಮೇಷ್ಟ್ರು ನೆನಪೋಲೆ ಬರೆದುಕೊಂಡು ಬಂದಿದ್ದರು, ತಿದ್ದಿಕೊಡಿ ಅಂತ. ಒಂದೇ ಪುಟ, ಒಂದೇ ಬೇಡಿಕೆ, ಹಿಂದಿನ ಸ್ವೀಕೃತಿಯ ನಂಬರು ಮತ್ತು ತಾರೀಖು. ಮೂರನೇ ಸಾಲಿನಲ್ಲಿ ‘ಪರೀಕ್ಷಿಸತಕ್ಕದ್ದು’ ಅನ್ನುವ ಮಾತಿನ ಕೆಳಗೆ ಅವರೇ ಗೆರೆ ಎಳೆದಿದ್ದರು. ನಾನು ತಿದ್ದುವಂಥದ್ದು ಏನೂ ಇರಲಿಲ್ಲ. ಸೋಮವಾರ ಕೊಟ್ಟು ಬಂದಿದ್ದಾರೆ.