ನೀರಾಟಕ್ಕೆ ಗಾಡಿ ತರುವವರು ತಿಳಿದಿರಬೇಕಾದ ಲೆಕ್ಕ

ಏಪ್ರಿಲ್ 13ರಿಂದ 15ರವರೆಗೆ ಥಾಯ್ಲೆಂಡಿನಲ್ಲಿ ಸೊಂಕ್ರಾನ್ ಹಬ್ಬ. ಸೂರ್ಯ ಮೇಷ ರಾಶಿಗೆ ಬರುವ ಹೊತ್ತು, ನಮ್ಮ ತುಳುನಾಡಿನ ಬಿಸು ಹಬ್ಬವೂ ಅದೇ ಹೊತ್ತಿಗೆ. ಬುದ್ಧನ ವಿಗ್ರಹಕ್ಕೆ ನೀರೆರೆದು, ಮನೆಯ ಹಿರಿಯರ ಕೈಗೆ ಪರಿಮಳದ ನೀರು ಹಾಕಿ ಆಶೀರ್ವಾದ ಪಡೆಯುವುದು ಇದರ ಮೂಲ ಆಚರಣೆ. ಅದು ಈಗಲೂ ಇದೆ. ಅದರ ಜೊತೆಗೇ ಊರಿಗೆ ಊರೇ ಪಿಚಕಾರಿ, ಬಕೆಟ್ ಹಿಡಿದು ಬೀದಿಗಿಳಿಯುವ ನೀರಿನ ಯುದ್ಧವೂ ಸೇರಿಕೊಂಡಿದೆ. 2023ರಲ್ಲಿ ಯುನೆಸ್ಕೋ ಈ ಹಬ್ಬವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿಯಾಂಗ್ ಮಾಯ್ ಊರಿನ ಹಳೇ ಕೋಟೆಯ ಸುತ್ತ ಚೌಕಾಕಾರದ ಕಂದಕವಿದೆ. ಹಬ್ಬದ ದಿನ ಅದರ ಪಕ್ಕದ ರಸ್ತೆ ತುಂಬ ಪಿಕಪ್ ಗಾಡಿಗಳು. ಗಾಡಿಯ ಹಿಂದೆ ದೊಡ್ಡ ದೊಡ್ಡ ಡ್ರಮ್ಮು, ಅದರ ನೀರಿನಲ್ಲಿ ತೇಲುವ ಐಸ್ ಗಡ್ಡೆ, ಸುತ್ತ ನಿಂತ ಏಳೆಂಟು ಜನ. ರಸ್ತೆ ಬದಿಯವರು ಕಂದಕದಿಂದಲೇ ಬಕೆಟ್ಟಿನಲ್ಲಿ ನೀರೆತ್ತಿ ಇವರಿಗೆ ಎರಚುತ್ತಾರೆ, ಇವರು ಡ್ರಮ್ಮಿನಿಂದ ಮೊಗೆದು ವಾಪಸ್ ಕೊಡುತ್ತಾರೆ. ಗಾಡಿಗಳು ಒತ್ತೊತ್ತಾಗಿ ತೆವಳುತ್ತಿರುವವರೆಗೆ ಇದು ಬರೀ ಖುಷಿ. ಮುಂದೆ ರಸ್ತೆ ಖಾಲಿಯಾಗಿ ಡ್ರೈವರ್ ಆಕ್ಸಿಲರೇಟರ್ ಒತ್ತಿದನೋ, ಆಗ ಲೆಕ್ಕವೇ ಬೇರೆಯಾಗುತ್ತದೆ.

ಗಾಡಿ ನೀರು ತರಲಿ, ಜನರನ್ನೂ ತರಲಿ, ಆದರೆ ಚಕ್ರ ಉರುಳುತ್ತಿರುವಾಗ ಒಂದು ತೊಟ್ಟು ನೀರನ್ನೂ ಎರಚಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಭಾರ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 200 ಲೀಟರಿನ ಎರಡು ಡ್ರಮ್ ತುಂಬಿದರೆ 400 ಕಿಲೋ. ತಲಾ 60 ಕಿಲೋದ ಎಂಟು ಜನ ಹತ್ತಿದರೆ ಇನ್ನೂ 480. ಅಲ್ಲಿಗೆ ಒಂದು ಟನ್ನಿಗೆ ಹತ್ತಿರ ಬಂತು. ಅದಕ್ಕಿಂತ ಮುಖ್ಯ ಈ ಭಾರ ಇರುವ ಎತ್ತರ. ಮೂಟೆಗಳಾದರೆ ಗಾಡಿಯ ತಳದಲ್ಲಿ ಬಿದ್ದಿರುತ್ತವೆ. ನಿಂತ ಮನುಷ್ಯನ ಭಾರದ ಕೇಂದ್ರ ಅವನ ಹೊಟ್ಟೆಯ ಹತ್ತಿರ, ಅಂದರೆ ರಸ್ತೆಯಿಂದ ಸುಮಾರು 1.8 ಮೀಟರ್ ಮೇಲೆ. ಎಡಗಡೆ ಯಾರೋ ಸಿಕ್ಕರು ಅಂತ ಎಂಟೂ ಜನ ಒಟ್ಟಿಗೆ ಎಡಕ್ಕೆ ವಾಲಿದಾಗಲೇ ಡ್ರೈವರ್ ಬಲಕ್ಕೆ ತಿರುಗಿಸಿದ ಅಂದುಕೊಳ್ಳಿ. ಗಾಡಿಯನ್ನು ಎಡಕ್ಕೆ ಉರುಳಿಸಲು ನೋಡುವ ಎರಡು ಕಾರಣ ಒಂದೇ ಕ್ಷಣದಲ್ಲಿ ಕೂಡಿಕೊಂಡವು.

ಇನ್ನು ಡ್ರಮ್ಮಿನ ನೀರು. ಪೂರ್ತಿ ತುಂಬಿ ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ ನೀರಿಗೆ ಅಲುಗಾಡಲು ಜಾಗವೇ ಇರುವುದಿಲ್ಲ. ಅರ್ಧ ಖಾಲಿಯಾದ ಡ್ರಮ್ಮೇ ಜಾಸ್ತಿ ಕಾಟ ಕೊಡುವುದು. ಬ್ರೇಕ್ ಹಾಕಿದರೆ ನೀರೆಲ್ಲ ಮುಂದಕ್ಕೆ ನುಗ್ಗಿ ಗೋಡೆಗೆ ಬಡಿಯುತ್ತದೆ, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಒದ್ದೆ ತಗಡಿನ ಮೇಲೆ ಕಟ್ಟದೇ ಇಟ್ಟ ಡ್ರಮ್ ಆ ಹೊಡೆತಕ್ಕೆ ಜಾರಿಕೊಂಡು ಹೊರಟರೆ ಅದರ ಮುಂದೆ ಇರುವುದು ಯಾರದೋ ಕಾಲು. ಪೆಟ್ರೋಲ್ ಟ್ಯಾಂಕರಿನ ಒಳಗೆ ಅಡ್ಡ ಗೋಡೆಗಳನ್ನು ಇಡುವುದು ಕೂಡ ದ್ರವದ ಈ ನುಗ್ಗಾಟ ತಡೆಯಲಿಕ್ಕೇ.

ಬಹಳ ಜನ ಮರೆಯುವುದು ತಲೆಯ ಎತ್ತರವನ್ನು. ಪಿಕಪ್ಪಿನ ಹಿಂದೆ ನಿಂತವರ ತಲೆ ರಸ್ತೆಯಿಂದ ಸುಮಾರು 2.4 ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ತಲೆ ನೇರ ನೆಲಕ್ಕೆ ಬಿದ್ದರೆ ತಾಗುವ ವೇಗ ಗಂಟೆಗೆ 25 ಕಿ.ಮೀ. ಹತ್ತಿರ. ಇದು ಗಾಡಿ ನಿಂತೇ ಇದ್ದಾಗಿನ ಲೆಕ್ಕ! ಗಾಡಿ ಓಡುತ್ತಿದ್ದರೆ ಅದರ ವೇಗವೂ ಸೇರುತ್ತದೆ, ಹಿಂದೆ ಬರುವ ಗಾಡಿಯ ಚಕ್ರವೂ ಇರುತ್ತದೆ. ಹಾಗಾಗಿ ನಿಂತ ಗಾಡಿಯಲ್ಲೂ ಹಿಂದಿನ ಬಾಗಿಲು ಹಾಕಿರಬೇಕು, ಅಂಚಿನ ಮೇಲೆ ಯಾರೂ ಕೂರಬಾರದು. ಗಾಡಿ ಚಲಿಸುವಾಗ ಜನ ಒಳಗಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಬೇಕು. ಸೀಟು ಸಾಲದಿದ್ದರೆ ನಡೆದುಕೊಂಡು ಬರಲಿ, ಆಟದ ಜಾಗವೇನೂ ದೂರ ಇರುವುದಿಲ್ಲ ಅಲ್ವಾ?

ನೀರು ತಾನೇ, ಅದರಿಂದ ಏನಾಗುತ್ತದೆ ಅನ್ನುವವರಿದ್ದಾರೆ. ಒಳ್ಳೆಯ ಪಿಚಕಾರಿಯಿಂದ ನೀರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೊರಡುತ್ತದೆ ಅಂತಿಟ್ಟುಕೊಳ್ಳಿ. ನಿಂತವರಿಗೆ ಅದು ತಾಗಿದರೆ ನಗು ಬರುತ್ತದೆ. ಈಗ ಅದೇ ನೀರನ್ನು 40 ಕಿ.ಮೀ. ವೇಗದಲ್ಲಿ ಎದುರು ಬರುವ ಸ್ಕೂಟರಿನವರಿಗೆ ಬಿಡಿ. 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಎರಡೂ ವೇಗ ಕೂಡಿ 21 ಆಯಿತು. ಆದರೆ ನೀರಿನ ಪೆಟ್ಟು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಎರಚುವವರೂ ಎದುರಿನಿಂದ ಅದೇ 40ರಲ್ಲಿ ಬರುತ್ತಿದ್ದರೆ ಸುಮಾರು ಹತ್ತು ಪಟ್ಟು. ಆ ಧಾರೆ ನೇರವಾಗಿ ಕಣ್ಣಿಗೆ ಬಿದ್ದರೆ ಏನು ಗತಿ?

ಬಕೆಟ್ ಇನ್ನೂ ಕೆಟ್ಟದ್ದು. ಅದರಿಂದ ಐದು ಲೀಟರ್ ನೀರು ಸ್ಕೂಟರ್ ಸವಾರರ ಎದೆಗೆ, ಹ್ಯಾಂಡಲ್ಲಿಗೆ ಬಡಿಯಿತು ಅನ್ನಿ. ಐದು ಕಿಲೋ ನೀರು ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಡಿಕ್ಕಿ ಹೊಡೆದು ಕಾಲು ಸೆಕೆಂಡಿನಲ್ಲಿ ನಿಂತರೆ, ಆ ಅಷ್ಟು ಹೊತ್ತು 20 ಕಿಲೋ ಭಾರ ತಳ್ಳಿದಷ್ಟು ಒತ್ತು ಬೀಳುತ್ತದೆ. ಅದೂ ಒಂದೇ ಪಕ್ಕದಿಂದ, ಗಾಬರಿಯಲ್ಲಿ ಕಣ್ಣು ಮುಚ್ಚಿರುವಾಗ. ಎರಡು ಚಕ್ರದ ಮೇಲಿರುವವರಿಗೆ ಅಷ್ಟು ಸಾಕು. ನೀರಿನ ಜೊತೆ ಐಸ್ ತುಂಡು ಬಂದರಂತೂ ಅದು ಕಲ್ಲೇ. ಕಾರಿನವರಿಗೂ ತೊಂದರೆ ಇದೆ: ಮುಂದಿನ ಗಾಜಿನ ಮೇಲೆ ಬಕೆಟ್ ನೀರು ಬಿದ್ದು ಎರಡು ಸೆಕೆಂಡ್ ಏನೂ ಕಾಣದಿದ್ದರೆ 40ರ ವೇಗದಲ್ಲಿ ಗಾಡಿ 22 ಮೀಟರ್ ಕುರುಡಾಗಿ ಹೋಗಿರುತ್ತದೆ.

ರಸ್ತೆಯೂ ಕೈ ಕೊಡುತ್ತದೆ. ಏಪ್ರಿಲ್ ಅಲ್ಲಿ ಕಡು ಬೇಸಿಗೆ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆಯ ಮೇಲೆ ನೀರು ಬಿದ್ದರೆ ಮೊದಲ ಮಳೆಯ ದಿನದ ಹಾಗೆ ಜಾರುತ್ತದೆ. ಸೊಂಕ್ರಾನಿನಲ್ಲಿ ಕೆನ್ನೆಗೆ ಹಚ್ಚುವ ಬಿಳಿ ಪುಡಿಯ ಲೇಪವೂ ಅದಕ್ಕೆ ಸೇರಿಕೊಳ್ಳುತ್ತದೆ. 40ರಲ್ಲಿ ಬರುವ ಗಾಡಿ ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 9 ಮೀಟರಿಗೆ ನಿಂತರೆ, ಒದ್ದೆ ರಸ್ತೆಯಲ್ಲಿ 16 ಮೀಟರ್ ಬೇಕು. ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ 5 ಕಿ.ಮೀ. ಆದರೆ, ಒದ್ದೆಯಲ್ಲೂ ಒಂದು ಗೇಣು ದೂರದಲ್ಲಿ ನಿಲ್ಲುತ್ತದೆ. ಆಟದ ಜಾಗದೊಳಗೆ ಗಾಡಿ ಕದಲಲೇಬೇಕಾದರೆ ಈ ವೇಗವೇ ಮಿತಿ. ಒಬ್ಬರು ಗಾಡಿಯ ಮುಂದೆ ನಡೆಯಬೇಕು. ಇನ್ನೊಬ್ಬರು ಹಿಂದೆ ಇರಬೇಕು, ಯಾಕೆಂದರೆ ಬಕೆಟ್ ತುಂಬಿಸಿಕೊಳ್ಳಲು ಬಂದ ಮಗು ಹಿಂದಿನ ಬಾಗಿಲ ಕೆಳಗೆ ನಿಂತರೆ ಡ್ರೈವರಿಗೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ.

ಥಾಯ್ಲೆಂಡಿನಲ್ಲಿ ಹಬ್ಬದ ಆಸುಪಾಸಿನ ಒಂದು ವಾರವನ್ನು ಏಳು ಅಪಾಯದ ದಿನಗಳು ಅಂತಲೇ ಕರೆದು ಸರ್ಕಾರ ದಿನದಿನದ ಲೆಕ್ಕ ಕೊಡುತ್ತದೆ. ಇತ್ತೀಚಿನ ವರ್ಷಗಳಲ್ಲೂ ಆ ಒಂದೇ ವಾರದಲ್ಲಿ 200ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತಿದ್ದಾರೆ. ಬಹುಪಾಲು ಅಪಘಾತ ಮೋಟಾರ್‌ಸೈಕಲ್ಲುಗಳದ್ದು. ಎಲ್ಲವೂ ನೀರಾಟದಿಂದ ಆದದ್ದಲ್ಲ. ಕುಡಿದು ಓಡಿಸುವುದು, ಅತಿ ವೇಗ, ಊರಿಗೆ ಹೋಗುವ ಗಡಿಬಿಡಿ ದೊಡ್ಡ ಕಾರಣಗಳು. ಆದರೆ ಅಂಥ ರಸ್ತೆಗೆ ನೀರನ್ನೂ ಸುರಿದರೆ ಹೇಗಿರುತ್ತದೆ ಯೋಚಿಸಿ. 2017ರ ಏಪ್ರಿಲ್‌ನಲ್ಲಿ ಪಿಕಪ್ಪಿನ ಹಿಂದೆ ಜನ ಕೂರುವುದನ್ನು ನಿಲ್ಲಿಸಲು ಸರ್ಕಾರ ಹೊರಟಿತ್ತು. ಬಡವರು ಹಬ್ಬಕ್ಕೆ ಊರಿಗೆ ಹೋಗುವುದೇ ಹಾಗೆ, ಬೇರೆ ದಾರಿ ಏನಿದೆ ಅಂತ ಜನ ಸಿಟ್ಟಾದರು, ಸರ್ಕಾರ ಹಿಂದೆ ಸರಿಯಿತು. ಅವರ ಸಿಟ್ಟಿನಲ್ಲೂ ನ್ಯಾಯವಿತ್ತು. ಚೆನ್ನಾಗಿ ಕೆಲಸ ಮಾಡಿದ ದಾರಿ ಇನ್ನೊಂದು: ಬ್ಯಾಂಕಾಕಿನ ಸಿಲೋಮ್ ರಸ್ತೆ, ಖಾವೋ ಸಾನ್ ರಸ್ತೆಗಳಲ್ಲಿ ಹಬ್ಬದ ಹೊತ್ತಿಗೆ ವಾಹನವನ್ನೇ ಬಿಡುವುದಿಲ್ಲ. ಸಾವಿರಾರು ಜನ ಮನಸಾರೆ ನೆನೆಯುತ್ತಾರೆ, ಚಕ್ರದ ಭಯವಿಲ್ಲ.

ನಮ್ಮ ಬಾಗಲಕೋಟೆಯ ಹೋಳಿಯಲ್ಲೂ ಬಣ್ಣದ ಬಂಡಿಗಳಿವೆ. ಬ್ಯಾರಲ್ಲಿನಲ್ಲಿ ಬಣ್ಣದ ನೀರು ತುಂಬಿಕೊಂಡು ಓಣಿ ಓಣಿ ತಿರುಗಿ ಎರಚಾಡುತ್ತಾರೆ. ಹಿಂದೆ ಎತ್ತಿನ ಬಂಡಿ ಇತ್ತು, ಈಗ ಟ್ರ್ಯಾಕ್ಟರ್. ಎತ್ತು ನಡೆಯುವ ವೇಗವೇ ಒಂದು ಮಿತಿಯಾಗಿತ್ತು, ಟ್ರ್ಯಾಕ್ಟರಿಗೆ ಆ ಮಿತಿಯನ್ನು ಓಡಿಸುವವರೇ ಹಾಕಿಕೊಳ್ಳಬೇಕು. ನಮ್ಮ ಕಡೆಯ ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ, ತುಂಬಿದ ಬ್ಯಾರಲ್ಲುಗಳ ಭಾರವೆಲ್ಲ ಹಿಂದಿನಿಂದ ಎಂಜಿನನ್ನೇ ತಳ್ಳುತ್ತದೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಮೇಲೆ, ಮಡ್‌ಗಾರ್ಡ್ ಮೇಲೆ ಹುಡುಗರನ್ನು ಖಂಡಿತ ನಿಲ್ಲಿಸಬೇಡಿ. ಕಾಲು ಜಾರಿದರೆ ನೇರ ದೊಡ್ಡ ಚಕ್ರದ ಕೆಳಗೆ.

ನೀವೇ ಬಡಾವಣೆಯಲ್ಲೋ ಕಾಲೇಜಿನಲ್ಲೋ ನೀರಾಟ ಏರ್ಪಡಿಸುತ್ತಿದ್ದರೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕೀಲಿ ಆಟ ಆಡದ, ಕುಡಿಯದ ಒಬ್ಬರ ಜೇಬಿನಲ್ಲಿರಲಿ. ಡ್ರಮ್ಮಿಗೆ ಹಗ್ಗ ಬಿಗಿದು ಕೆಳಭಾಗದಲ್ಲಿ ನಲ್ಲಿ ಹಾಕಿಸಿದರೆ ನೀರಿಗಾಗಿ ಯಾರೂ ಮೇಲೆ ಹತ್ತಬೇಕಿಲ್ಲ. ದಾರಿಯಲ್ಲಿ ಹೋಗುವ ಬೈಕಿನವರು ಆಟದವರಲ್ಲ, ಅವರ ಮೇಲೆ ನೀರು ಬೇಡ.

ಸೊಂಕ್ರಾನ್ ಹೊತ್ತಿಗೆ ಬೆಂಗಳೂರಿನಿಂದ ಥಾಯ್ಲೆಂಡಿಗೆ ಹೋಗಿ ಅಲ್ಲಿ ಸ್ಕೂಟರ್ ಬಾಡಿಗೆಗೆ ಪಡೆಯಬೇಕು ಅಂತಿದ್ದರೆ, ಆ ಮೂರು ದಿನ ಬಿಟ್ಟು ಪಡೆಯಿರಿ. ಓಡಿಸಲೇಬೇಕು ಅಂತಾದರೆ ಮುಖ ಮುಚ್ಚುವ ಹೆಲ್ಮೆಟ್ ಹಾಕಿ. ಮುಂದೆ ಬಕೆಟ್ ಹಿಡಿದ ಮಕ್ಕಳು ಕಂಡರೆ ತಪ್ಪಿಸಿಕೊಳ್ಳಲು ಜೋರಾಗಿ ಹೋಗಬೇಡಿ. ಬದಿಗೆ ಬಂದು ಪೂರ್ತಿ ನಿಲ್ಲಿಸಿ, ಎರಡೂ ಕಾಲು ನೆಲಕ್ಕೆ ಊರಿ, ಅವರು ನೀರು ಸುರಿದು ಮುಗಿಸಿದ ಮೇಲೆ ಹೊರಡಿ.